ಏನಾದ್ರೂ ಮಾಡಿ

ನಿನ್ನೆ ಸಂಜೆ 7 ಗಂಟೆ 10 ನಿಮಿಷ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ಫೋನಿನಲ್ಲಿ ಅಡುಗೆ ಹೇಳಿಕೊಡುವ ಒಂದು ಆ್ಯಪ್, ಅದರಲ್ಲಿ ಬಾಯಲ್ಲಿ ನೀರೂರಿಸುವ ಚಿತ್ರ. ಕೆಳಗೆ 'ಬರೀ 30 ನಿಮಿಷ ಸಾಕು!' ಅಂತ ಬರೆದಿತ್ತು. ಬೇಕಾಗುವ ಸಾಮಾನಿನ ಮೊದಲ ಸಾಲು ಓದಿದೆ. 'ನೆನೆಸಿ ಬೇಯಿಸಿದ ರಾಜ್ಮಾ ಕಾಳು, 2 ಕಪ್.'

ರಾಜ್ಮಾ ಇತ್ತು. ಡಬ್ಬಿಯಲ್ಲಿತ್ತು. ಅಲ್ಲಾಡಿಸಿದರೆ ಗೋಲಿಯಂತೆ ಸದ್ದು ಮಾಡುತ್ತಿತ್ತು.

'ನೆನೆಸಿ ಬೇಯಿಸಿದ' ಅನ್ನುವ ಎರಡು ಪದದೊಳಗೆ ಒಂದು ಇಡೀ ದಿನ ಅಡಗಿ ಕೂತಿದೆ. ರಾಜ್ಮಾ ಕಡಿಮೆಯೆಂದರೂ 5 ಗಂಟೆ ನೆನೆಯಬೇಕು. ಆ ನೀರು ಚೆಲ್ಲಿ, ಹೊಸ ನೀರು ಹಾಕಿ, ಮೊದಲು ಒಂದು 10 ನಿಮಿಷವಾದರೂ ಕೊತಕೊತ ಕುದಿಸಬೇಕು. ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಸರಿಯಾಗಿ ಬೇಯದಿದ್ದರೆ ಅದರಲ್ಲಿರುವ ಒಂದು ವಿಷದ ಅಂಶ ವಾಂತಿ, ಭೇದಿ ಎರಡನ್ನೂ ಒಟ್ಟಿಗೆ ತರುತ್ತದೆ. ಸಣ್ಣ ಉರಿಯಲ್ಲಿ ಅರೆಬರೆ ಬೆಂದದ್ದಂತೂ ಹಸಿ ಕಾಳಿಗಿಂತಲೂ ಕೆಟ್ಟದ್ದು. ಅಂದರೆ 'ಬರೀ 30 ನಿಮಿಷ' ಶುರುವಾಗಬೇಕಾದರೆ ನಾನು ಹಿಂದಿನ ರಾತ್ರಿಯೇ ಎಚ್ಚೆತ್ತುಕೊಳ್ಳಬೇಕಿತ್ತು.

ನಿಜ ಹೇಳಬೇಕೆಂದರೆ ಆ್ಯಪ್‌ನಲ್ಲಿ 'ನಾಳೆಗೆ ಕಾಳು ನೆನೆಸಿಡಿ' ಅಂತ ನೆನಪಿಸುವ ಸೌಲಭ್ಯವೂ ಇದೆ. ಅದನ್ನು ಬಂದ್ ಮಾಡಿದವನು ನಾನೇ. ಆಫೀಸಿನ ಮೀಟಿಂಗಿನಲ್ಲಿ ಎಲ್ಲರೂ ಗಂಭೀರವಾಗಿ ಕೂತಿದ್ದಾಗ ನನ್ನ ಫೋನು ಟಿಂಗ್ ಅಂದು 'ಆಲೂಗಡ್ಡೆ ತೊಳೆಯುವ ಸಮಯ!' ಅಂತ ಹೊಳೆಯುತ್ತಿತ್ತು. ಪಕ್ಕದವರು ಓದಿಬಿಟ್ಟಿದ್ದರು.

ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆ ನನ್ನ ಪಾಲಿನದು. ಹೆಂಡತಿ ಬರುವುದು ತಡವಾಗುತ್ತದೆ. ಅಡುಗೆ ಮಾಡುವುದು ನನಗೆ ಕಷ್ಟವಲ್ಲ. ಏನು ಮಾಡುವುದು ಅಂತ ಯೋಚಿಸುವುದೇ ಕಷ್ಟ. ಮಧ್ಯಾಹ್ನ ಹೆಂಡತಿಗೆ 'ರಾತ್ರಿಗೆ ಏನು ಮಾಡಲಿ?' ಅಂತ ಮೆಸೇಜ್ ಹಾಕುತ್ತೇನೆ. ಐದು ನಿಮಿಷಕ್ಕೆ ಉತ್ತರ ಬರುತ್ತದೆ: 'ಏನಾದ್ರೂ ಮಾಡಿ.' ಈ ಏನಾದ್ರೂ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗುತ್ತಿದ್ದರೆ ಮೂಟೆಗಟ್ಟಲೆ ತಂದಿಡುತ್ತಿದ್ದೆ. ತಲೆ ಕೆರೆದುಕೊಂಡು ಏನೋ ಒಂದು ಮಾಡಿಟ್ಟರೆ, ಅವಳು ಬಂದು ಮುಚ್ಚಳ ತೆಗೆದು ಇಣುಕುತ್ತಾಳೆ. 'ಓ... ಇದಾ?' ಅನ್ನುತ್ತಾಳೆ. ಬೈಗುಳವಲ್ಲ, ದೂರೂ ಅಲ್ಲ. ಬರೀ ಮೂರಕ್ಷರ. ಮಧ್ಯೆ ಮಾತ್ರ ಒಂದು ಸಣ್ಣ ಗ್ಯಾಪು. ಆ ಗ್ಯಾಪಿನಲ್ಲಿ ನನ್ನ ಒಂದೂವರೆ ಗಂಟೆ ಬಿದ್ದು ಒದ್ದಾಡುತ್ತದೆ.

ಹಾಗಾಗಿ ವಾರದ ಊಟ ಯೋಜಿಸಿಕೊಡುವ ಈ ಆ್ಯಪ್‌ಗೆ ಸೇರಿಕೊಂಡೆ. 7 ದಿನ ಪುಕ್ಕಟೆ, ಆಮೇಲೆ ತಾನಾಗಿಯೇ ದುಡ್ಡು ಕಡಿತ. ಎಂಟನೇ ದಿನ ಯಾವುದು ಅಂತ ನೆನಪಿಟ್ಟುಕೊಳ್ಳುವಷ್ಟು ಪುರುಸೊತ್ತಿದ್ದರೆ ನನಗೆ ಈ ಆ್ಯಪ್ ಯಾಕೆ ಬೇಕಿತ್ತು? ಸುಮ್ನೆ ಹೇಳುತ್ತಿಲ್ಲ, 'ಏನಾದ್ರೂ' ಅಂತ ಹೇಳದ ಒಂದೇ ಒಂದು ಜೀವ ಬೇಕಾಗಿತ್ತು, ಅದಕ್ಕೇ ದುಡ್ಡು ಕಟ್ಟಿದೆ.

ಶುರುವಿನಲ್ಲಿ ಅದು ನೂರೆಂಟು ಪ್ರಶ್ನೆ ಕೇಳಿತು. ಅಲರ್ಜಿ ಇದೆಯಾ, ಖಾರ ಎಷ್ಟು, ಮನೆಯಲ್ಲಿ ಎಷ್ಟು ಜನ. ದೊಡ್ಡವರು 2, ಮಕ್ಕಳು 2 ಅಂದೆ. ಮಕ್ಕಳನ್ನು ಅರ್ಧರ್ಧ ಅಂತ ಹಿಡಿದು ಒಟ್ಟು 3 ಜನ ಅಂತ ಲೆಕ್ಕ ಹಾಕಿತು. 4 ಜನಕ್ಕೆ 3 ಮೊಟ್ಟೆ ಅಂತಿದ್ದದ್ದು ನಮಗೆ 2.25 ಮೊಟ್ಟೆ ಆಯಿತು. ಕಾಲು ಮೊಟ್ಟೆ ಇಡುವ ಕೋಳಿಯನ್ನು ನಾನಿನ್ನೂ ನೋಡಿಲ್ಲ. ಇನ್ನು ಸಮಯದ ಲೆಕ್ಕ. ತರಕಾರಿ ತೊಳೆದು, ಸಿಪ್ಪೆ ತೆಗೆದು, ಹೆಚ್ಚಿಟ್ಟ ಮೇಲೆ ಅವರ ಗಡಿಯಾರ ಶುರುವಾಗುತ್ತದೆ. 'ಈರುಳ್ಳಿ ಜೇನಿನ ಬಣ್ಣ ಬರುವವರೆಗೆ 5 ನಿಮಿಷ ಹುರಿಯಿರಿ' ಅಂತ ಬರೆಯುತ್ತಾರೆ. 5 ನಿಮಿಷಕ್ಕೆ ಈರುಳ್ಳಿ ಬೆವರುತ್ತದೆ ಅಷ್ಟೆ. ಸಣ್ಣ ಉರಿಯಲ್ಲಿ ಆ ಬಣ್ಣಕ್ಕೆ ತಿರುಗಿ ಸಿಹಿಯಾಗಬೇಕಾದರೆ 40 ನಿಮಿಷ ಬೇಕು. ಬರೆದವರು ಒಮ್ಮೆಯೂ ಒಲೆ ಮುಂದೆ ನಿಂತಿಲ್ಲ ಅಂತ ನನ್ನ ಅನುಮಾನ.

ಇದನ್ನೆಲ್ಲಾ ಹೇಗೋ ಸಹಿಸಿಕೊಂಡಿದ್ದೆ. ಎರಡನೇ ವಾರ ನನ್ನ ಆರು ವರ್ಷದ ಮಗನಿಗೆ ಸ್ಟಾರ್ ಕಣ್ಣಿಗೆ ಬಿತ್ತು.

ಊಟ ಮುಗಿದ ಮೇಲೆ ಆ್ಯಪ್ 'ಇವತ್ತಿನ ಊಟ ಹೇಗಿತ್ತು?' ಅಂತ ಕೇಳುತ್ತದೆ. ಐದು ಸ್ಟಾರ್ ಸಾಲಾಗಿ ನಿಲ್ಲುತ್ತವೆ. ಮಗ ನನ್ನ ತೊಡೆ ಮೇಲೆ ಕೂತು, ಪರೀಕ್ಷೆ ಪೇಪರ್ ತಿದ್ದುವ ಮೇಷ್ಟ್ರ ಮುಖ ಮಾಡಿಕೊಂಡು ಒತ್ತತೊಡಗಿದ. ಪಾಲಕ್ ಸೂಪಿಗೆ ಒಂದು ಸ್ಟಾರ್. 'ನೀನು ತಿಂದೇ ಇಲ್ಲವಲ್ಲೋ' ಅಂದೆ. 'ಕಲರ್ ನೋಡಿದ್ರೇ ಗೊತ್ತಾಗುತ್ತೆ ಅಪ್ಪ' ಅಂದ. ಕ್ಯಾರೆಟ್ಟಿಗೆ ಎರಡು. ಯಾಕಪ್ಪಾ, ಹೋದ ವಾರ ಇದೇ ಕ್ಯಾರೆಟ್ ತಿಂದೆಯಲ್ಲ ಅಂದರೆ, ಅದು ಉದ್ದಕ್ಕೆ ಹೆಚ್ಚಿದ್ದಂತೆ, ಇದು ಗುಂಡಗಂತೆ. ಬಟಾಣಿ ಅನ್ನಕ್ಕೆ ಒಂದು ಸ್ಟಾರ್ ಕೊಟ್ಟ. ಅನ್ನ ಚೆನ್ನಾಗಿತ್ತಂತೆ, ಆದರೆ ಬಟಾಣಿ ಅವನನ್ನೇ ನೋಡುತ್ತಿತ್ತಂತೆ. ಬೆಣ್ಣೆ ಹಚ್ಚಿದ ಟೋಸ್ಟಿಗೆ ಐದು. ಆರನೇ ಸ್ಟಾರ್ ಎಲ್ಲಿದೆ ಅಂತ ಹುಡುಕಿದ.

ನಾನು ನಕ್ಕು ಸುಮ್ಮನಾದೆ. ಅದೇ ತಪ್ಪಾಯಿತು. ಒಂದು ದಿನ ಮಗಳಿಗೆ ಸ್ನಾನ ಮಾಡಿಸಿ ಬರುವಷ್ಟರಲ್ಲಿ ಅವನು ನಾವು ಯಾವತ್ತೂ ಮಾಡದ ಅಡುಗೆಗಳಿಗೂ ಬರೀ ಚಿತ್ರ ನೋಡಿ ತೀರ್ಪು ಕೊಟ್ಟು ಮುಗಿಸಿದ್ದ. ಹಸಿರು ಕಂಡಲ್ಲೆಲ್ಲ ಒಂದು. ಕಂದು ಬಣ್ಣಕ್ಕೆ, ಗರಿಗರಿಯಾಗಿ ಕಂಡದ್ದಕ್ಕೆಲ್ಲ ಐದು.

ಭಾನುವಾರ ಮುಂದಿನ ವಾರದ ಪಟ್ಟಿ ಬಂತು. ಸೋಮವಾರ, ಬೆಣ್ಣೆ ಟೋಸ್ಟ್. ಮಂಗಳವಾರ, ಹುರಿದ ಆಲೂಗಡ್ಡೆ. ಬುಧವಾರ, ಸಾದಾ ನೂಡಲ್ಸ್. ಗುರುವಾರ, ಪ್ಯಾನ್‌ಕೇಕ್. ಶುಕ್ರವಾರ ಮತ್ತೆ ಆಲೂಗಡ್ಡೆ, ಈ ಸಲ ಜಜ್ಜಿದ್ದು. ಶನಿವಾರ 'ಚೀಸ್ ಟೋಸ್ಟ್, ಹೊಸ ರುಚಿ!' ಮೇಲೆ ದೊಡ್ಡದಾಗಿ 'ನಿಮ್ಮ ಕುಟುಂಬಕ್ಕೆಂದೇ ಆರಿಸಿದ್ದು' ಅಂತ ಬರೆದಿತ್ತು. ಹೆಂಡತಿ ನನ್ನ ಭುಜದ ಮೇಲಿಂದ ಓದಿದಳು. 'ಇದಕ್ಕಾ ನೀವು ದುಡ್ಡು ಕಟ್ತಿರೋದು?' ಅಂದಳು. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಮಗ ಹೇಳಿದ: 'ಈ ಆ್ಯಪ್ ತುಂಬಾ ಜಾಣ ಅಪ್ಪ.'

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ. ಎರಡರಿಂದ ಆರು ವರ್ಷದ ಮಕ್ಕಳು ಹೊಸ ರುಚಿ ಕಂಡರೆ ಮುಖ ತಿರುಗಿಸುವುದು ಮಾಮೂಲು. ಒಂದೇ ತರಕಾರಿಯನ್ನು ಬೈಯದೆ, ಒತ್ತಾಯ ಮಾಡದೆ 8-10 ಸಲ, ಕೆಲವರಿಗೆ 15 ಸಲ ಮುಂದಿಟ್ಟರೆ ಆಮೇಲೆ ಬಾಯಿಗೆ ಹೋಗುತ್ತದೆ. ಮನೆಯವರು ಹತ್ತು ಸಲ ತಾಳ್ಮೆಯಿಂದ ಮುಂದಿಡಬೇಕಾದ ಪಾಲಕ್ಕನ್ನು ಈ ಆ್ಯಪ್ ಒಂದೇ ಸ್ಟಾರಿಗೆ ಗಡೀಪಾರು ಮಾಡಿತು. ಹಠ ಮಾಡುವ ಮಗುವಿಗಿಂತ ಬೇಗ ಸೋಲುವವರನ್ನು ನಂಬಿ ಮಗು ಸಾಕುವುದು ಹೇಗೆ ಹೇಳಿ.

ಅವತ್ತು ರಾತ್ರಿ 11 ಗಂಟೆಗೆ, ಕದ್ದು ತಿನ್ನುವವನ ಹಾಗೆ ಕೂತು, ಎಲ್ಲ ಸೊಪ್ಪಿಗೂ ಎಲ್ಲ ಕಾಳಿಗೂ ಐದೈದು ಸ್ಟಾರ್ ಒತ್ತಿದೆ. ಜಾಸ್ತಿಯೇ ಒತ್ತಿರಬೇಕು. ಈ ವಾರದ ಪಟ್ಟಿಯಲ್ಲಿ ನಾಲ್ಕು ದಿನ ಪಾಲಕ್. ನಿನ್ನೆ ರಾಜ್ಮಾ.

ನಿನ್ನೆ ರಾತ್ರಿ ನಾವು ತಿಂದದ್ದು ಟೋಸ್ಟ್. ಮಗ ಕುಣಿದಾಡಿದ. ಪಾತ್ರೆ ತೊಳೆದ ಮೇಲೆ, ಛಲಕ್ಕೆ ಅಂತಲೇ ಇಟ್ಟುಕೊಳ್ಳಿ, ಎರಡು ಕಪ್ ಕಾಳು ಅಳೆದು ನೀರಿಗೆ ಹಾಕಿದೆ. ಕಾಳು ಬಟ್ಟಲಿನ ತಳಕ್ಕೆ ಟಣಟಣ ಬಿದ್ದಾಗ ಅಮ್ಮ ನೆನಪಾದಳು. ಮಲಗುವ ಮುಂಚೆ ಅಡುಗೆಮನೆಯ ದೀಪ ಆರಿಸಿ, ಏನೋ ಹೊಳೆದು ಮತ್ತೆ ಹಾಕುತ್ತಿದ್ದಳು. ಆಮೇಲೆ ಇದೇ ಸದ್ದು ಕೇಳಿಸುತ್ತಿತ್ತು. ಅವಳೂ ದಿನಾ ಬೆಳಿಗ್ಗೆ 'ಏನು ಮಾಡಲೋ ಇವತ್ತು?' ಅಂತ ಕೇಳುತ್ತಿದ್ದಳು. ನಾನು ಪುಸ್ತಕದಿಂದ ತಲೆ ಎತ್ತದೆ 'ಏನಾದ್ರೂ ಮಾಡಮ್ಮ' ಅನ್ನುತ್ತಿದ್ದೆ. ಊಟಕ್ಕೆ ಕೂತಾಗ ಮುಚ್ಚಳ ತೆಗೆದು ನೋಡಿ ಅದೇ ಮೂರಕ್ಷರ ಹೇಳುತ್ತಿದ್ದೆ. ಅವಳ ಸೌಟು ಪಾತ್ರೆಯ ಅಂಚಿನಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಬಡಿಸುತ್ತಿದ್ದಳು.

ಇವತ್ತು ಸಂಜೆ ಬಂದು ನೋಡಿದರೆ ಕಾಳು ಉಬ್ಬಿ ಬಟ್ಟಲಿನ ತುಂಬ ಕೂತಿತ್ತು. ಪಟ್ಟಿಯ ಪ್ರಕಾರ ಇವತ್ತು ಪಾಲಕ್. ಇರಲಿ ಬಿಡಿ ಅಂತ ರಾಜ್ಮಾವನ್ನೇ ಚೆನ್ನಾಗಿ ಕುದಿಸಿ, ಬೇಯಿಸಿ, ಈರುಳ್ಳಿ ಟೊಮೆಟೊ ಹಾಕಿ ಮಾಡಿದೆ. ಈರುಳ್ಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಕೊಟ್ಟೆ.

ಮಗ ಕುರ್ಚಿ ಮೇಲೆ ಹತ್ತಿ ಮುಚ್ಚಳ ತೆಗೆದ.

'ಓ... ಇದಾ?'

ನನ್ನ ಸೌಟು ಪಾತ್ರೆಯ ಅಂಚಿನಲ್ಲಿ ನಿಂತಿತು. ಆಮೇಲೆ ಬಡಿಸಿದೆ. ನಾಲ್ಕು ಕಾಳು ತಿಂದ. ಎಣಿಸಿದೆ, ನಾಲ್ಕೇ. ಒಂದನೇ ಸಲ ಅಲ್ವಾ, ಇನ್ನೂ ಒಂಬತ್ತಿದೆ.

ಅಷ್ಟರಲ್ಲಿ ಫೋನು ಟಿಂಗ್ ಅಂತು: 'ಇವತ್ತಿನ ಊಟ ಹೇಗಿತ್ತು?' ಮಗ ಕೈ ಚಾಚುವ ಮೊದಲೇ ಅದನ್ನು ಫ್ರಿಜ್ ಮೇಲೆ, ಹಿಂದಕ್ಕೆ ತಳ್ಳಿ ಇಟ್ಟೆ.