ಬೆಳಗಿನ ಜಾವದ ಹೊಟ್ಟೆನೋವು

ಮಳೆಗಾಲದಲ್ಲಿ ಇಂಡಿ, ಸಿಂದಗಿ ಕಡೆಯ ತೋಟದ ವಸ್ತಿಗಳಿಂದ ನಸುಕಿನಲ್ಲಿ ಹೊಟ್ಟೆನೋವು, ವಾಂತಿ ಎಂದು ಬರುವವರಿಗೆ ಆಸಿಡಿಟಿ ಇಂಜೆಕ್ಷನ್ ಕೊಟ್ಟು ಮಲಗಿಸುವ ಮೊದಲು, ರಾತ್ರಿ ಎಲ್ಲಿ ಮಲಗಿದ್ದರೆಂದು ವೈದ್ಯರು ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. "ನೆಲದ ಮ್ಯಾಲ ಚಾಪಿ ಹಾಸ್ಕೊಂಡು ಮಲಗಿದ್ನ್ರೀ" ಎಂಬ ಉತ್ತರ ಬಂದರೆ, ಹಾವಿನ ಸುದ್ದಿಯನ್ನು ಯಾರೂ ಎತ್ತದಿದ್ದರೂ ಕಟ್ಟು ಹಾವು (ಕ್ರೈಟ್) ಎಂಬ ವಿಷದ ಹಾವು ಕಚ್ಚಿರಬಹುದೆಂಬ ಸಂಶಯ ಇಟ್ಟುಕೊಂಡೇ ಮುಂದುವರಿಯಬೇಕು.

ರಾತ್ರಿ ಹರಿದಾಡುವ ಈ ಹಾವಿನ ಹಲ್ಲು ಬಹಳ ಸಣ್ಣವು. ಕಚ್ಚಿದಲ್ಲಿ ಬಾವು, ಉರಿ ಇಲ್ಲದಿರುವುದರಿಂದ ಎಷ್ಟೋ ಮಂದಿಗೆ ಎಚ್ಚರವೂ ಆಗುವುದಿಲ್ಲ, ಹುಡುಕಿದರೂ ಗುರುತು ಸಿಗದಿರಬಹುದು. ಕೊಳಕುಮಂಡಲದ ವಿಷವನ್ನು ಹಿಡಿದುಕೊಡುವ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಫಲಿತಾಂಶ ಇಲ್ಲಿ ನಾರ್ಮಲ್ ಆಗಿಯೇ ಬರುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿಯೂ ಏನೂ ಕಾಣುವುದಿಲ್ಲ. ರಿಪೋರ್ಟ್ ಎಲ್ಲ ನಾರ್ಮಲ್ ಎಂಬ ಸಮಾಧಾನವೇ ಈ ರೋಗಿಗೆ ಮುಳುವಾಗುತ್ತದೆ.

ನೋಡಬೇಕಾದದ್ದು ಕಣ್ಣು. ಮೇಲೆ ನೋಡಲು ಹೇಳಿದಾಗ ರೋಗಿಯು ಹುಬ್ಬೇರಿಸಿ ಹಣೆ ನೆರಿಗೆಗಟ್ಟಿಸುತ್ತಾನೆಯೇ ಹೊರತು ರೆಪ್ಪೆ ಏಳುವುದಿಲ್ಲ. ಮನೆಯವರು ಅದನ್ನು ನಿದ್ದೆಗಣ್ಣು ಎನ್ನುತ್ತಾರೆ. ಆಮೇಲೆ ಉಗುಳು ನುಂಗಲಾಗದು, ದಿಂಬಿನಿಂದ ತಲೆ ಎತ್ತಲಾಗದು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾನೆಂದು ಪದೇ ಪದೇ ನೋಡುತ್ತಿದ್ದರೆ, ಉಸಿರಾಟದ ಸ್ನಾಯುಗಳು ಸೋಲುತ್ತಿರುವುದು ಆಕ್ಸಿಜನ್ ಮಟ್ಟ ಕುಸಿಯುವ ಮೊದಲೇ ತಿಳಿಯುತ್ತದೆ.

ಹಾವಿನ ಇಂಜೆಕ್ಷನ್, ಅಂದರೆ ವಿಷಕ್ಕೆ ಕೊಡುವ ಪ್ರತಿವಿಷ, ರಕ್ತದಲ್ಲಿ ಇನ್ನೂ ತಿರುಗುತ್ತಿರುವ ವಿಷವನ್ನು ತಡೆಯಬಲ್ಲದು, ಆದರೆ ಆಗಲೇ ಹಾಳಾದ ನರದ ತುದಿಗಳನ್ನು ಸರಿಪಡಿಸಲಾರದು. ಅವು ಮತ್ತೆ ಬೆಳೆಯಲು ದಿನಗಳೇ ಬೇಕಾಗುವುದರಿಂದ, ನಾಗರಹಾವಿನ ಕಡಿತದಲ್ಲಿ ನೆರವಾಗುವ ನಿಯೋಸ್ಟಿಗ್ಮಿನ್ ಎಂಬ ಔಷಧ ಇಲ್ಲಿ ಹೆಚ್ಚಾಗಿ ಕೈಕೊಡುತ್ತದೆ. ಅಲ್ಲಿಯವರೆಗೆ ರೋಗಿಯನ್ನು ಕಾಯುವುದು ವೆಂಟಿಲೇಟರ್. ಆ ದಿನಗಳಲ್ಲಿ ಪಾಪೆ ಹಿಗ್ಗಿ, ಬೆಳಕಿಗೂ ಕದಲದೆ, ಮೆದುಳೇ ಸತ್ತಂತೆ ಕಾಣುವುದುಂಟು. ಆದರೂ ಅವನಿಗೆ ಪೂರ್ಣ ಎಚ್ಚರವಿರಬಹುದು, ಮಂಚದ ಪಕ್ಕ ನಾವು ಆಡುವ ಮಾತೆಲ್ಲ ಕೇಳುತ್ತಿರಬಹುದು. ಇಂಥವರ ಬಗ್ಗೆ ಆಸೆ ಬಿಡಿ ಎಂದು ಅವಸರದಲ್ಲಿ ಹೇಳಿಬಿಡುವುದನ್ನು ನಾನು ಒಪ್ಪುವುದಿಲ್ಲ.

ಹಾವಿನ ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಆದೇಶಿಸಿದ್ದು ಒಳ್ಳೆಯದೇ, ಆದರೆ ಗ್ಯಾಸ್ಟ್ರಿಕ್ ಎಂದು ಬರೆದುಕೊಂಡ ಕಡಿತ ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ತಾಲ್ಲೂಕು ಆಸ್ಪತ್ರೆಯಿಂದ ವಿಜಯಪುರಕ್ಕೆ ಕಳಿಸುವುದು ಅನಿವಾರ್ಯವಾದಾಗ, ರೆಪ್ಪೆ ಜೋತುಬಿದ್ದವನಿಗೆ ಹಾವಿನ ಇಂಜೆಕ್ಷನ್‌ನ ಮೊದಲ ಡೋಸ್ ಅಲ್ಲಿಯೇ ಶುರುಮಾಡಿ, ಉಸಿರು ಸೋಲುತ್ತಿದ್ದರೆ ಗಂಟಲಿಗೆ ಟ್ಯೂಬ್ ಹಾಕಿ, ಕೈಯಿಂದ ಉಸಿರು ಕೊಡುವ ಅಂಬು ಬ್ಯಾಗ್ ಒತ್ತಬಲ್ಲ ಒಬ್ಬರನ್ನು ಜೊತೆಗೆ ಕೂರಿಸಿದ ಮೇಲೆಯೇ ಆಂಬುಲೆನ್ಸ್ ಹೊರಡಬೇಕು.