ನೇರಳೆ ಮರ ಹತ್ತಬೇಡಿ

ಮರ ಹತ್ತಿ ನೇರಳೆ ಕಿತ್ತು ತಿನ್ನೋ ಮಜವೇ ಬೇರೆ ಅಂತ ಬರೆದಿದ್ದೀರಲ್ಲ ಸರ್, ಅದೊಂದು ಮಾತು ಒಪ್ಪಲ್ಲ. ನೇರಳೆ ಕೊಂಬೆ ಹಸಿಯಾಗಿದ್ದರೂ ಪಟ್ಟಂತ ಮುರಿಯುತ್ತೆ, ಹುಣಸೆ ಕೊಂಬೆಯ ಗಟ್ಟಿತನ ಅದಕ್ಕಿಲ್ಲ. ನಮ್ಮ ಗುಬ್ಬಿ ಕಡೆ ಹಳೇ ಸೀರೆಯ ಮೂಲೆ ಹಿಡ್ಕೊಂಡು ನಾಲ್ಕು ಜನ ಕೆಳಗೆ ನಿಲ್ತೀವಿ, ಒಬ್ಬರು ದೋಟಿಯಿಂದ, ಅಂದ್ರೆ ಉದ್ದ ಕೋಲಿನಿಂದ, ಕೊಂಬೆ ಅಲ್ಲಾಡಿಸ್ತಾರೆ. ಮಾಗಿದ್ದು ಉದುರುತ್ತೆ, ಕೆಂಪಗಿರೋದು ಮರದಲ್ಲೇ ಉಳಿಯುತ್ತೆ. ನೆಲಕ್ಕೆ ಬಿದ್ದರೆ ಒಡೆದು ಮಣ್ಣು ಮೆತ್ಕೊಳ್ಳುತ್ತೆ, ಎಷ್ಟು ತೊಳೆದರೂ ಬಾಯಲ್ಲಿ ಕರಕರ. ಜೂನ್ ಮಳೆ ಜೋರಾದರೆ ಹಣ್ಣು ಸಪ್ಪೆ, ಹುಳ ಬೇರೆ. ಉಪ್ಪು ಹಾಕಿ ಡಬ್ಬಿ ಮುಚ್ಚಿ ಕುಲುಕಿ, ಸ್ವಲ್ಪ ಹೊತ್ತು ಬಿಡಿ, ಒಗರು ಇಳಿಯುತ್ತೆ. ನಾಯಿ ನೇರಳೆ ಅನ್ನೋ ಸಣ್ಣ ಹಣ್ಣಿನ ಜಾತೀಲಿ ತಿರುಳು ಕಡಿಮೆ, ಆದರೂ ನನ್ನ ಓಟು ಅದಕ್ಕೇ. ಬಿಳಿ ಅಂಗಿ ಮಾತ್ರ ಹಾಕ್ಕೊಂಡು ಹೋಗ್ಬೇಡಿ, ಆ ಕಲೆ ಸುಲಭಕ್ಕೆ ಹೋಗಲ್ಲ.