ಟಿಸಿ ಕೊಟ್ಟರೆ ಹುಡುಗ ಸ್ಕೂಲು ಬಿಡ್ತಾನೆ, ಸಿಗರೇಟಲ್ಲ

ಮೇ 31 ವಿಶ್ವ ತಂಬಾಕು ರಹಿತ ದಿನ. ನಮ್ಮಲ್ಲಿ ಬೇಸಿಗೆ ರಜೆ ಮುಗಿದು ಸ್ಕೂಲು ಶುರುವಾಗೋದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಪಠ್ಯಪುಸ್ತಕಕ್ಕಿಂತ ಮೊದಲು ಮಕ್ಕಳ ಕೈಗೆ ಭಿತ್ತಿಫಲಕ ಬಂದಿರುತ್ತೆ. ಒಂದು ಜಾಥಾ, ಪ್ರತಿಜ್ಞಾವಿಧಿ, ಗ್ರೂಪ್ ಫೋಟೋ, ಮುಗೀತು. ಇನ್ನೂ ಸೇದದ ಮಕ್ಕಳಿಗೆ ಇದರಿಂದ ಏನೋ ಸ್ವಲ್ಪ ಉಪಯೋಗ ಇರಬಹುದು. ಆಗಲೇ ಸೇದುತ್ತಿರುವ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಅಲ್ಲಿ ಏನೂ ಇಲ್ಲ. ಅವನೂ ಎಲ್ಲರ ಜೊತೆ ಘೋಷಣೆ ಕೂಗಿ, ಸಂಜೆ ಟ್ಯೂಷನ್ನಿಗೆ ಮುಂಚೆ ಕಾಂಡಿಮೆಂಟ್ಸ್ ಪಕ್ಕದ ಸಂದಿಯಲ್ಲಿ ನಿಂತಿರ್ತಾನೆ. ಸಿಕ್ಕಿಬಿದ್ದರೆ ಅಪ್ಪ ಅಮ್ಮನನ್ನು ಕರೆಸೋದು, ಸಸ್ಪೆಂಡ್ ಮಾಡೋದು, ಕೊನೆಗೆ ಟಿಸಿ. ಬಿಡೋದು ಹೇಗೆ ಅಂತ ಹೇಳಿಕೊಡುವವರು ಯಾರೂ ಇಲ್ಲ.

ನಮ್ಮ ಹೈಸ್ಕೂಲು, ಪಿಯು ಕಾಲೇಜುಗಳಿಗೆ ಬೇಕಿರೋದು ಬಿಡಿಸುವ ಗುಂಪು, ಅಂದರೆ ಸೇದುವ ಮಕ್ಕಳು ವಾರವಾರ ಕೌನ್ಸೆಲರ್ ಜೊತೆ ಕೂತು ಬಿಡೋದು ಕಲಿಯುವ ಜಾಗ. ಅದು ನಡೆಯಬೇಕಾದರೆ ಮೊದಲು, ಒಪ್ಪಿಕೊಂಡವನಿಗೆ ಶಿಕ್ಷೆ ಇಲ್ಲ ಅನ್ನೋದು ಬರಹದಲ್ಲಿ ಇರಬೇಕು. ಉಳಿದಿದ್ದೆಲ್ಲ ಆಮೇಲೆ.

"ನಮ್ಮ ಸ್ಕೂಲಲ್ಲಿ ಅಂಥ ಮಕ್ಕಳಿಲ್ಲ" ಅನ್ನುವವರಿಗೆ ಒಂದು ಲೆಕ್ಕ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ 13ರಿಂದ 15 ವಯಸ್ಸಿನ ಶಾಲಾಮಕ್ಕಳಲ್ಲಿ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸುವವರು ದೇಶದಲ್ಲಿ 8.5 ಶೇಕಡಾ, ಕರ್ನಾಟಕದಲ್ಲಿ ಬರೀ 1.2. ಖುಷಿಪಡುವ ಸಂಖ್ಯೆಯೇ. ಆದರೂ 500 ಮಕ್ಕಳ ಹೈಸ್ಕೂಲಿಗೆ ಇದು ಆರು ಮಂದಿ, ಅಂದರೆ ಸರಿಯಾಗಿ ಒಂದು ಗುಂಪು. ಪಿಯುಸಿ ವಯಸ್ಸಿನವರು ಈ ಲೆಕ್ಕದಲ್ಲೇ ಇಲ್ಲ.

ಆ ಆರು ಮಂದಿ ಯಾರು ಅಂತ ಪತ್ತೆ ಮಾಡೋದರಲ್ಲೇ ಹೆಚ್ಚಿನ ಸ್ಕೂಲುಗಳು ಎಡವುತ್ತವೆ. "ಯಾರು ಸೇದ್ತೀರಿ, ಕೈ ಎತ್ತಿ" ಅಂದರೆ ಯಾರೂ ಎತ್ತಲ್ಲ. ಬ್ಯಾಗ್ ತಪಾಸಣೆ ಮಾಡಿದರೆ ಸಿಗರೇಟು ಬ್ಯಾಗಿನಿಂದ ಕಾಂಪೌಂಡಿನ ಕಲ್ಲಿನ ಕೆಳಗೆ ಹೋಗುತ್ತೆ, ಅಷ್ಟೇ. ಇಡೀ ಕ್ಲಾಸಿಗೆ ಒಂದೇ ಥರದ ಚೀಟಿ ಕೊಡಿ. ಎಲ್ಲರೂ ಏನಾದರೂ ಬರೆಯಲೇಬೇಕು, ಸೇದದವರು ಬಿಡುವಿನಲ್ಲಿ ಏನು ಮಾಡ್ತೀವಿ ಅಂತ ನಾಲ್ಕು ಸಾಲು ಬರೀಲಿ. ಆಗ ಯಾರ ಪೆನ್ನು ಓಡಿತು, ಯಾರದು ನಿಂತಿತು ಅಂತ ಪಕ್ಕದವನಿಗೆ ಗೊತ್ತಾಗಲ್ಲ. ಚೀಟಿಯನ್ನು ಕೌನ್ಸೆಲರ್ ಒಬ್ಬರೇ ನೋಡಬೇಕು. ಚೀಟಿಯಲ್ಲಿ ಕೇಳೋಕೆ ಹದಿಹರೆಯದವರಿಗಾಗಿಯೇ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಹೆಸರು ಹಾಂಕ್. ಬಿಡೋಕೆ ಪ್ರಯತ್ನಪಟ್ಟು ಆಗಲಿಲ್ಲವಾ, ಸೇದಬಾರದ ಜಾಗದಲ್ಲಿ ತಡೆದುಕೊಳ್ಳೋದು ಕಷ್ಟವಾಗುತ್ತಾ, ಸೇದದೇ ಇದ್ದಾಗ ಸಿಡುಕು ಬರುತ್ತಾ, ಓದಿನ ಮೇಲೆ ಗಮನ ನಿಲ್ಲಲ್ವಾ, ಹೀಗೆ. ಒಂದಕ್ಕೆ ಹೌದು ಅಂದರೂ ಹಿಡಿತ ತಪ್ಪೋಕೆ ಶುರುವಾಗಿದೆ ಅಂತ ಅರ್ಥ. ದಿನಾ ಸೇದದ ಮಕ್ಕಳೂ ಹೌದು ಅಂತಾರೆ. "ನಾನು ವಾರಕ್ಕೆ ಮೂರೇ, ಯಾವಾಗ ಬೇಕಾದ್ರೂ ಬಿಡ್ತೀನಿ" ಅನ್ನುವವನಿಗೆ ಈ ಪಟ್ಟಿ ತೋರಿಸಿ ಸುಮ್ಮನಿರಿ, ಅವನೇ ಯೋಚನೆ ಮಾಡ್ತಾನೆ.

ಎಲ್ಲ ಪೋಷಕರಿಗೂ ವರ್ಷದ ಆರಂಭದಲ್ಲೇ ಒಂದು ಪತ್ರ ಹೋಗಲಿ: ಆರೋಗ್ಯದ ಅಭ್ಯಾಸಗಳ ಬಗ್ಗೆ ಗುಂಪು ನಡೆಸ್ತೀವಿ, ಮಗು ಅಲ್ಲಿ ಹೇಳಿದ್ದು ಕೌನ್ಸೆಲರ್ ಹತ್ತಿರವೇ ಉಳಿಯುತ್ತೆ, ಜೀವಕ್ಕೆ ಅಪಾಯ ಅಥವಾ ಮಗುವಿನ ಮೇಲೆ ಯಾರಾದರೂ ದೌರ್ಜನ್ಯ ನಡೆಸುತ್ತಿದ್ದರೆ ಮಾತ್ರ ತಿಳಿಸ್ತೀವಿ. ಇದೇ ಮಾತನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. ಶಿಕ್ಷಣ ಸಂಸ್ಥೆಗಳಿಗಿರುವ ಕೇಂದ್ರದ ಮಾರ್ಗಸೂಚಿ ಟೊಬ್ಯಾಕೊ ಮಾನಿಟರ್, ಅಂದರೆ ತಂಬಾಕು ನಿಯಮದ ಮೇಲೆ ಕಣ್ಣಿಡುವವರನ್ನು ನೇಮಿಸಿ ಅನ್ನುತ್ತೆ. ನೇಮಿಸಿ, ಆದರೆ ಚಾಡಿ ಹೇಳೋ ಕೆಲಸಕ್ಕೆ ಬಳಸಬೇಡಿ. ಒಂದು ಹೆಸರು ಸ್ಟಾಫ್ ರೂಮಿಗೆ ಸೋರಿದರೂ ಗುಂಪು ಆ ವರ್ಷ ಮತ್ತೆ ಸೇರಲ್ಲ.

ನಡೆಸುವವರು ಮಾರ್ಕ್ಸ್ ಕೊಡುವವರಾಗಬಾರದು, ಶಿಸ್ತು ಸಮಿತಿಯಲ್ಲಿರುವ ಪಿಟಿ ಮೇಷ್ಟ್ರಂತೂ ಬೇಡವೇ ಬೇಡ. ಗುಂಪಿನಲ್ಲಿ ಆರರಿಂದ ಹತ್ತು ಮಕ್ಕಳು, ಹುಡುಗರು ಹುಡುಗಿಯರು ಬೇರೆ ಬೇರೆ, ವಾರಕ್ಕೆ ಒಂದು ಸಲ 45 ನಿಮಿಷ, ಎಂಟರಿಂದ ಹತ್ತು ವಾರ. ಅಮೆರಿಕನ್ ಲಂಗ್ ಅಸೋಸಿಯೇಷನ್ ಹದಿಹರೆಯದವರಿಗೆ ನಡೆಸುವ 'ನಾಟ್ ಆನ್ ಟೊಬ್ಯಾಕೊ' ಕೂಡ ಹತ್ತು ಭೇಟಿಗಳದ್ದೇ. ಗುಂಪೇ ಯಾಕೆ ಅಂದರೆ, 20 ವರ್ಷದೊಳಗಿನವರ ಮೇಲೆ ನಡೆದ 41 ಪ್ರಯೋಗಗಳನ್ನು ಒಟ್ಟಿಗೆ ನೋಡಿದ, ವೈದ್ಯಕೀಯ ಪುರಾವೆ ತೂಗುವ ಕಾಕ್ರೇನ್ ಸಂಸ್ಥೆಯ 2017ರ ಪರಿಶೀಲನೆಗೆ ಸ್ವಲ್ಪ ಭರವಸೆ ಕಂಡಿದ್ದು ಗುಂಪು ಕೌನ್ಸೆಲಿಂಗಿನಲ್ಲೇ. ಪುರಾವೆ ಗಟ್ಟಿ ಅಂತ ಅವರೂ ಹೇಳಲಿಲ್ಲ, ನಾನೂ ಹೇಳಲ್ಲ. ನಿಕೋಟಿನ್ ಚೂಯಿಂಗ್ ಗಮ್, ಪ್ಯಾಚು ಈ ವಯಸ್ಸಿನವರಿಗೆ ಕೆಲಸ ಮಾಡುತ್ತೆ ಅನ್ನೋಕೆ ಸ್ಪಷ್ಟ ಆಧಾರ ಸಿಗಲಿಲ್ಲ. ಮೆಡಿಕಲ್ ಶಾಪಿನಿಂದ ಗಮ್ ತಂದು ಹಂಚುವ ಉತ್ಸಾಹ ಬೇಡ, ಅದು ಡಾಕ್ಟರ ಕೆಲಸ.

ಮೊದಲ ಎರಡು ವಾರ "ಬಿಡು" ಅನ್ನಬೇಡಿ. ಜೇಬಿನಲ್ಲಿ ಒಂದು ಮಡಚಿದ ಹಾಳೆ ಇರಲಿ, ಪ್ರತಿ ಸಿಗರೇಟಿಗೆ ಮುಂಚೆ ಬರೀಲಿ: ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಎಷ್ಟು ಬೇಕು ಅನಿಸಿತ್ತು, ಒಂದರಿಂದ ಐದರಲ್ಲಿ. ಸೇದಿದ ಮೇಲೆ ಬರೆದರೆ ಎಲ್ಲಾ ಐದೇ ಆಗಿರುತ್ತೆ. ಹಾಳೆಗಳನ್ನು ಮುಂದಿಟ್ಟುಕೊಂಡು ಕೂತರೆ ಒಂದು ವಿಷಯ ಎದ್ದು ಕಾಣುತ್ತೆ. ಅರ್ಧಕ್ಕರ್ಧ ಸಿಗರೇಟಿಗೆ ಪಕ್ಕದಲ್ಲಿ ಬರೆದಿರೋದು ಒಂದು ಅಥವಾ ಎರಡು. ಟೀ ಬಂತು, ಫ್ರೆಂಡು ಚಾಚಿದ, ತಗೊಂಡ. ಅವು ಮೊದಲು ಉದುರುತ್ತವೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವನ ಹಾಳೆ ಬೇರೆ ಥರ ಇರುತ್ತೆ, ಅವನಿಗೆ ಗುಂಪು ಒಂದೇ ಸಾಲದು. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೋ ತಂಬಾಕು ತ್ಯಜಿಸುವ ಕೇಂದ್ರ ಇರುವ ದಂತ ವೈದ್ಯಕೀಯ ಕಾಲೇಜಿಗೋ ಕಳಿಸಿ.

ಮೂರನೇ ವಾರ ಬೇಡ ಅನ್ನೋ ಅಭ್ಯಾಸ. "ಧೂಮಪಾನ ಆರೋಗ್ಯಕ್ಕೆ ಹಾನಿಕರ, ಆದ್ದರಿಂದ ನಾನು ನಿರಾಕರಿಸುತ್ತೇನೆ" ಅಂತ ಯಾವ ಹುಡುಗನೂ ಹೇಳಲ್ಲ, ಹೇಳಿದರೆ ಒಂದು ವಾರ ಗೇಲಿ ತಿನ್ನಬೇಕು. "ಬೇಡ ಮಗಾ, ನೀನ್ ಹೊಡಿ" ಸಾಕು. ಕಾರಣ ಕೊಟ್ಟರೆ ವಾದ ಶುರು, ವಾದ ಶುರುವಾದರೆ ಒಂದು ದಮ್ಮು ಗ್ಯಾರಂಟಿ. ಸೇದುವ ಕೈಯಲ್ಲಿ ಟೀ ಲೋಟ ಇರಲಿ, ಚಾಚಿದ್ದನ್ನು ಹಿಡಿಯೋಕೆ ಕೈ ಖಾಲಿ ಇರಬಾರದು. ಒಬ್ಬ ಒತ್ತಾಯ ಮಾಡಲಿ, ಒಬ್ಬ ತಪ್ಪಿಸಿಕೊಳ್ಳಲಿ, ಹತ್ತು ಸಲ ಆಡಿಸಿ. ನಗು ಬರುತ್ತೆ, ಬರಲಿ.

ನಾಲ್ಕನೇ ವಾರ ಬಿಡುವ ದಿನ. ಅದು ಸೋಮವಾರವೇ ಆಗಲಿ. ನಿಕೋಟಿನ್ ಅರ್ಧ ಇಳಿಯೋಕೆ ಸುಮಾರು ಎರಡು ಗಂಟೆ ಸಾಕು, ಆದರೆ ಬಿಟ್ಟ ಚಡಪಡಿಕೆ ಜೋರಾಗೋದು ಎರಡನೇ ಮೂರನೇ ದಿನ. ಶುಕ್ರವಾರ ಬಿಟ್ಟರೆ ಆ ದಿನಗಳು ಶನಿವಾರ ಸಂಜೆ, ಭಾನುವಾರಕ್ಕೆ ಬೀಳುತ್ತವೆ, ಅಂದರೆ ಏರಿಯಾ ಗೆಳೆಯರ ಮಧ್ಯೆ. ಸೋಮವಾರ ಬಿಟ್ಟರೆ ಬುಧವಾರ ಸ್ಕೂಲಿನಲ್ಲೇ ಇರ್ತಾನೆ. ಆ ವಾರ ಸೋಮವಾರ, ಬುಧವಾರ ಎರಡು ಸಲ ಕೂರಿ. ಆಸೆ ಒಮ್ಮೆ ಎದ್ದರೆ ಐದು ನಿಮಿಷದ ಆಸುಪಾಸಿನಲ್ಲಿ ಇಳಿಯುತ್ತೆ. ಅಷ್ಟು ಹೊತ್ತು ದಾಟಿಸೋಕೆ ನೀರಿನ ಬಾಟಲಿ, ಲವಂಗ, ಸೋಂಪು, ಕಡಲೆಬೀಜ. ಪಾನ್ ಮಸಾಲಾ, ತುಟಿಯಡಿ ಇಡುವ ತಂಬಾಕಿನ ಪೊಟ್ಟಣ, ವೇಪ್ (ಇ-ಸಿಗರೇಟು) ಇವ್ಯಾವುದೂ ಬದಲಿ ಅಲ್ಲ ಅಂತ ಬಾಯಿ ಬಿಟ್ಟು ಹೇಳಿ. ಹೊಗೆ ಬಿಟ್ಟೆ ಅಂತ ಬೀಗುತ್ತಾ ನಿಕೋಟಿನ್ ಮುಂದುವರಿಸುವವರು ಬೇಕಾದಷ್ಟಿದ್ದಾರೆ.

ಕಾಫಿ ವಿಷಯ ಯಾರೂ ಹೇಳಲ್ಲ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರಿನಲ್ಲಿ ಕೆಫೀನ್ ಕರಗುವ ವೇಗವನ್ನು ಹೆಚ್ಚಿಸಿರುತ್ತವೆ. ಬಿಟ್ಟ ಕೂಡಲೇ ಆ ವೇಗ ಇಳಿಯುತ್ತೆ, ಅದೇ ಎರಡು ಲೋಟ ಕಾಫಿ ದುಪ್ಪಟ್ಟು ಹೊಡೆಯುತ್ತೆ. ಎದೆ ಡವಡವ, ನಿದ್ದೆ ಇಲ್ಲ, ಸಿಡುಕು. ಹುಡುಗ ಇದೆಲ್ಲ ಸಿಗರೇಟು ಬಿಟ್ಟಿದ್ದಕ್ಕೇ ಅಂದುಕೊಂಡು ಮತ್ತೆ ಹಚ್ಚುತ್ತಾನೆ. ಆ ವಾರದಿಂದ ಕಾಫಿ ಟೀ ಅರ್ಧ ಮಾಡಿ. ಬೈಟು ಹೇಳೋ ಊರಲ್ಲಿ ಇದೇನು ಕಷ್ಟವಲ್ಲ.

ಒಂದು ಸಿಗರೇಟು ಸೇದಿಬಿಟ್ಟರೆ? ಅದು ಜಾರಿದ್ದು, ವಾಪಸ್ ಹೋಗಿದ್ದಲ್ಲ. ಹಾಳೆಯಲ್ಲಿ ಬರೆದು, ಎಲ್ಲಿ ಜಾರಿತು ನೋಡಿ ಮುಂದುವರಿಯಬೇಕು. "ಎಷ್ಟು ದಿನ ಆಯ್ತು" ಅಂತ ಗೋಡೆಗೆ ಚಾರ್ಟ್ ಅಂಟಿಸಿದರೆ, ಸೊನ್ನೆಗೆ ಇಳಿಯುವ ಅವಮಾನಕ್ಕಿಂತ ಸುಳ್ಳು ಹೇಳೋದೇ ಸುಲಭ ಆಗುತ್ತೆ. ಬಹುಮಾನ ಇಟ್ಟರೂ ಅದೇ ಕಥೆ. ಕೆಲವು ಕಡೆ ಊದಿಸಿ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಮೀಟರ್ ತರಿಸ್ತಾರೆ. ಸಂಖ್ಯೆ ಇಳಿಯೋದು ನೋಡಿ ಮಕ್ಕಳಿಗೆ ಹುರುಪು ಬರುತ್ತೆ, ಒಳ್ಳೆಯದೇ. ಸುಳ್ಳು ಹಿಡಿಯೋಕೆ ಮಾತ್ರ ಅದು ಪ್ರಯೋಜನವಿಲ್ಲ. ನಾಲ್ಕೈದು ಗಂಟೆಗೊಮ್ಮೆ ಅನಿಲ ಅರ್ಧ ಇಳಿಯೋದರಿಂದ ಶನಿವಾರ ರಾತ್ರಿ ಸೇದಿದ್ದು ಸೋಮವಾರ ಕಾಣಲ್ಲ, ವೇಪ್ ಮಾಡಿದ್ದು ಯಾವತ್ತೂ ಕಾಣಲ್ಲ.

ಕಾನೂನು ನಮ್ಮ ಕಡೆಯೇ ಇದೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಂತೆ 21 ತುಂಬದವರಿಗೆ ಮಾರುವ ಹಾಗಿಲ್ಲ, ಬಿಡಿ ಸಿಗರೇಟೂ ಮಾರುವ ಹಾಗಿಲ್ಲ. 2019ರಿಂದ ದೇಶದಲ್ಲೇ ಇ-ಸಿಗರೇಟು ನಿಷೇಧ. ಕಾಂಪೌಂಡಿನ ಹೊರ ಅಂಚಿನಿಂದ 100 ಗಜಕ್ಕೆ ಹಳದಿ ಗೆರೆ ಎಳೆಯಿರಿ, ಅದರೊಳಗೆ ಮಾರುವ ಅಂಗಡಿಯವರ ಮೇಲೆ ದೂರು ಕೊಡಿ. ಬೆಂಗಳೂರಿನ ಗಲ್ಲಿಯಲ್ಲಿ 100 ಗಜ ಅಂದರೆ ಎರಡು ತಿರುವು ಅನ್ನೋದೂ ನೆನಪಿರಲಿ. ಸಿಗರೇಟ್ ಪ್ಯಾಕಿನ ಮೇಲೇ ಇರುವ 1800-11-2356 ಉಚಿತ ಕರೆ, ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತಾಡ್ತಾರೆ. ನಂಬರ್ ಬರೆದುಕೊಟ್ಟು ಕಳಿಸಿದರೆ ಹುಡುಗರು ಫೋನ್ ಮಾಡಲ್ಲ. ಕೌನ್ಸೆಲರ್ ರೂಮಿನಲ್ಲಿ ಕೂರಿಸಿ, ಮೊದಲ ಕರೆ ಅಲ್ಲಿಂದಲೇ ಹೋಗಲಿ.

ಇನ್ನು ಕ್ಯಾಲೆಂಡರ್. ಜನವರಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳ ಗುಂಪು ಶುರು ಮಾಡಬೇಡಿ. ಗಮನ ನಿಲ್ಲದ ವಾರಗಳು ಪ್ರಿಪರೇಟರಿ ಪರೀಕ್ಷೆಗೆ ಸರಿಯಾಗಿ ಬಂದು ಕೂರುತ್ತವೆ, ಮಾರ್ಕ್ಸ್ ಬಿದ್ದರೆ ಅಪವಾದ ಬಿಟ್ಟಿದ್ದರ ಮೇಲೆ ಬರುತ್ತೆ. ಜುಲೈ ಮೊದಲ ವಾರ ಶುರು ಮಾಡಿದರೆ ಬಿಡುವ ಸೋಮವಾರ ತಿಂಗಳ ಕೊನೆಗೆ ಬೀಳುತ್ತೆ, ದಸರಾ ರಜೆಗೆ ಮುಂಚೆ ಗುಂಪು ಮುಗಿಯುತ್ತೆ. ರಜೆಯಲ್ಲಿ ಊರಿಗೆ ಹೋದಾಗ ಸೇದುವ ಅಣ್ಣಂದಿರು ಸಿಗ್ತಾರೆ, ತೋಟದಲ್ಲಿ ಕೇಳೋರಿಲ್ಲ. ಹಾಗಾಗಿ ಹೊರಡುವ ಮುಂಚೆ ಒಂದು ಭೇಟಿ, ಸ್ಕೂಲು ತೆರೆದ ಮೊದಲ ವಾರದಲ್ಲೇ ಇನ್ನೊಂದು. ಎರಡನೆಯದಕ್ಕೆ ಹಳೆಯ ಹಾಳೆಗಳನ್ನು ತೆಗೆದಿಟ್ಟಿರಿ, ಅವತ್ತು ಕನಿಷ್ಠ ಇಬ್ಬರಿಗೆ ಬೇಕಾಗುತ್ತೆ.